ಚಪ್ಪಲಿ ಜಾರಿದ ಕ್ಷಣಕ್ಕೆ ಒಂದು ಚಪ್ಪಾಳೆ

ಪ್ರಶ್ನೆ: ಮೊಬೈಲಿನಲ್ಲಿ ಬರುವ ತಮಾಷೆಯ ಕುಣಿತದ ವಿಡಿಯೋಗಳ ಸದ್ದು ಅಡಗಿಸಿ, 1980ರ ದಶಕದ ಎಲೆಕ್ಟ್ರೋ ಸಂಗೀತ (ಡ್ರಮ್ ಯಂತ್ರ, ಸಿಂಥಸೈಜರ್‌ಗಳಿಂದ ಕಟ್ಟಿದ ಕುಣಿತದ ಸಂಗೀತ) ಹಾಕಿಕೊಂಡು ನೋಡುವುದು ನನಗೆ ಈಚೆಗೆ ಹಿಡಿದ ಹುಚ್ಚು. ಮೊದಲ ಕೆಲವು ಸೆಕೆಂಡು ಅವರು ಆ ಹಾಡಿಗೇ ಕುಣಿಯುತ್ತಿರುವಂತೆ ಕಾಣುತ್ತದೆ. ಬೇರೆ ಸಂಗೀತ ಇಷ್ಟು ಹೊಂದುವುದಿಲ್ಲ. ಆದರೆ ಅರ್ಧಕ್ಕೇ ಎಲ್ಲ ತಪ್ಪಿಹೋಗುತ್ತದೆ. ಏಕೆ?

ಉತ್ತರ: ನನಗೂ ಇದು ಬಹಳ ಪ್ರಿಯವಾದ ಕೆಲಸ. ಮೊನ್ನೆ ರಾತ್ರಿ ಒಬ್ಬ ಹಿರಿಯರು ನೆಲ ಒರೆಸುವ ಕೋಲು ಹಿಡಿದು ಕುಣಿಯುವ ತುಣುಕನ್ನು ಹಿಡಿದು ಕೂತಿದ್ದೆ. ನಾಲ್ಕನೆಯ ಸೆಕೆಂಡಿನಲ್ಲಿ ಅವರು ತಿರುಗುತ್ತಾರೆ, ಎಡಗಾಲಿನ ಚಪ್ಪಲಿ ಜಾರುತ್ತದೆ, ದೇಹವೆಲ್ಲ ಒಂದು ಗಳಿಗೆ ನಿಲ್ಲುತ್ತದೆ. ಆ ನಿಲುಗಡೆಗೆ ಸರಿಯಾಗಿ ಡ್ರಮ್ ಯಂತ್ರದ ಚಪ್ಪಾಳೆಯಂಥ ಸದ್ದನ್ನು ಕೂಡಿಸಿದೆ. ನಂತರ ಬರಿಗಾಲಿನಲ್ಲಿ ಚಪ್ಪಲಿಯನ್ನು ತಡಕಾಡುವುದು ತಾನಾಗಿಯೇ ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಬಂದು ಕೂತಿತು.

ಆ ಖಾಲಿ ಜಾಗದಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ. ಡಿಸ್ಕೋದಲ್ಲಿ ದೊಡ್ಡ ಡ್ರಮ್ ಪ್ರತಿ ಬಡಿತಕ್ಕೂ ಬೀಳುತ್ತದೆ. ಕುಣಿಯುವವರು ಒಂದು ಹೆಜ್ಜೆ ತಪ್ಪಿದರೂ ಗೊತ್ತಾಗಿಬಿಡುತ್ತದೆ. ಎಲೆಕ್ಟ್ರೋದಲ್ಲಿ ಹಾಗಲ್ಲ. ನಾಲ್ಕರ ಎಣಿಕೆಯಲ್ಲಿ ಎರಡನೆಯ ಮತ್ತು ನಾಲ್ಕನೆಯ ಬಡಿತದ ಪೆಟ್ಟು ಗಟ್ಟಿ, ದೊಡ್ಡ ಡ್ರಮ್ ಮಾತ್ರ ಮುರಿದು ಮುರಿದು, ನೆನೆಸದ ಕಡೆ ಬೀಳುತ್ತದೆ. ಮೈ ಎಲ್ಲಿ ನಿಂತರೂ ಹತ್ತಿರದಲ್ಲೇ ಒಂದು ಪೆಟ್ಟು ಸಿಗುತ್ತದೆ, ನಮ್ಮ ಕಣ್ಣು ಅವೆರಡನ್ನೂ ಕೂಡಿಸಿಕೊಳ್ಳುತ್ತದೆ.

ಈ ಗುಣದ ಬೇರು ಯಂತ್ರದಲ್ಲಿದೆ. ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ಡ್ರಮ್ ಯಂತ್ರ ಬಂದದ್ದು 1980ರಲ್ಲಿ. ಮೂರೇ ವರ್ಷದಲ್ಲಿ ಅದರ ತಯಾರಿಕೆ ನಿಂತಿತು. ಅದರ ಕೆಳತುದಿಯಲ್ಲಿ ಕೆಂಪು, ಕಿತ್ತಳೆ, ಹಳದಿ, ಬಿಳಿ ಬಣ್ಣದ 16 ಗುಂಡಿಗಳ ಸಾಲು, ಲಯದ ಒಂದು ಸುತ್ತಿನ 16 ಜಾಗಗಳಿಗೆ ಒಂದೊಂದು. ಯಾವ ಗುಂಡಿ ಒತ್ತುತ್ತೀರೋ ಅಲ್ಲಿ ಪೆಟ್ಟು, ಒತ್ತದಿದ್ದಲ್ಲಿ ಮೌನ. 1982ರಲ್ಲಿ ನ್ಯೂಯಾರ್ಕಿನಲ್ಲಿ ಹಿಪ್-ಹಾಪ್ ಕಲಾವಿದ ಆಫ್ರಿಕಾ ಬಂಬಾಟಾ ಬಳಗದ ‘ಪ್ಲಾನೆಟ್ ರಾಕ್’ ಹಾಡು ಇದೇ ಯಂತ್ರದ ಮೇಲೆ ನಿಂತಿತು. ಅದರ ರಾಗ, ಲಯ ಎರಡಕ್ಕೂ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಋಣವಿದೆ. ಈ ಸಂಗೀತಕ್ಕೆ ಕುಣಿದವರಲ್ಲಿ ಪಾಪಿಂಗ್ ಕುಣಿತಗಾರರೂ ಇದ್ದರು. ಸ್ನಾಯುವನ್ನು ಥಟ್ಟನೆ ಬಿಗಿದು ಸಡಿಲಿಸುವುದೇ ಅವರ ವಿದ್ಯೆ. ಚಪ್ಪಲಿ ಜಾರಿದ ಹಿರಿಯರು ಅರಿಯದೆ ಮಾಡಿದ್ದೂ ಅದನ್ನೇ.

ಇನ್ನು ತಪ್ಪಿಹೋಗುವ ವಿಚಾರ. ಇದು ಬರೀ ಲೆಕ್ಕ. ನಿಮ್ಮ ವಿಡಿಯೋದವರು ನಿಮಿಷಕ್ಕೆ 118 ಬಡಿತದ ಹಾಡಿಗೆ ಕುಣಿದಿದ್ದಾರೆ, ನೀವು ಹಾಕಿದ್ದು 126ರದ್ದು ಎಂದಿಟ್ಟುಕೊಳ್ಳಿ. ಅರ್ಧ ನಿಮಿಷದಲ್ಲಿ ಅವರದು 59 ಬಡಿತ, ನಿಮ್ಮದು 63. ಏಳೂವರೆ ಸೆಕೆಂಡಿಗೆ ಒಂದು ಬಡಿತ ಜಾರುತ್ತದೆ. ಇದಕ್ಕೆ ಹಲವರು ಹಾಡಿನ ವೇಗ ತಗ್ಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಡನ್ನು ಹಿಗ್ಗಿಸಿದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ, ಇರುವ ಚೆಲುವೆಲ್ಲ ಆ ಮೊನೆಯಲ್ಲೇ. ಬದಲಿಗೆ ವಿಡಿಯೋದ ವೇಗವನ್ನು ಶೇ 7ರಷ್ಟು ಏರಿಸಿ, ಕಣ್ಣಿಗೆ ತಿಳಿಯುವುದಿಲ್ಲ. ಆಮೇಲೆ ಎದ್ದುಕಾಣುವ ಒಂದೇ ಒಂದು ನಿಲುಗಡೆಯನ್ನು ಆರಿಸಿ ಚಪ್ಪಾಳೆಗೆ ಕಟ್ಟಿ. ಹೆಜ್ಜೆ ಹೆಜ್ಜೆಗೂ ಕತ್ತರಿ ಹಾಕಿ ಹೊಂದಿಸಿದರೆ ಅದು ಗೊಂಬೆಯಾಟವಾಗುತ್ತದೆ, ಮನುಷ್ಯರು ಕಾಣುವುದಿಲ್ಲ.

ಪ್ರಶ್ನೆ: ಹಾಗಾದರೆ ಹೆಚ್ಚು ನಗು ಬರಲೆಂದು ವಿಡಿಯೋದ ವೇಗವನ್ನು ಇನ್ನಷ್ಟು ಏರಿಸಬಹುದೇ?

ಉತ್ತರ: ಬೇಡ. ಶೇ 20ರಷ್ಟು ಏರಿಸಿ ಕುಣಿಯುವವರ ಅಂಗಿಯ ಅಂಚನ್ನೇ ನೋಡಿ. ತಿರುಗಿದ ಮೇಲೆ ಬಟ್ಟೆ ಬಂದು ಸೊಂಟಕ್ಕೆ ತಾಗುವುದು ಅವಸರವಾಗಿ ಕಾಣುತ್ತದೆ, ಮೈಗೆ ತೂಕವೇ ಇಲ್ಲವೆನ್ನಿಸುತ್ತದೆ. ಚಪ್ಪಲಿ ಜಾರಿದ್ದು ನಮಗೆ ಅಷ್ಟು ಹತ್ತಿರವಾಗಿದ್ದು ಆ ಮೈಗೆ ತೂಕವಿದ್ದುದರಿಂದ.