ಮಂಡ್ಯದ ನಮ್ಮ ಮುತ್ತಜ್ಜ 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಹೋದರು, ಅಜ್ಜ ಹುಟ್ಟಿದ್ದು 1917ರಲ್ಲಿ. ನಡುವೆ ರಜೆ ಸಿಕ್ಕಿತ್ತಾ?

ರಜೆ ಅನ್ನುವುದಕ್ಕಿಂತ, ಅವರು ತಡವಾಗಿ ಹೊರಟಿರುವ ಸಾಧ್ಯತೆಯೇ ಜಾಸ್ತಿ. ಅವರು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯಲ್ಲಿ ಇದ್ದವರಾದರೆ, ಆ ಪಡೆ 1914ರಲ್ಲಿ ಈಜಿಪ್ಟಿಗೆ ಹೋದದ್ದು ನಿಜ. ಆದರೆ ಎಲ್ಲರೂ ಒಟ್ಟಿಗೆ ಹೋದವರಲ್ಲ. ಗಾಯಗೊಂಡವರು, ಕಾಯಿಲೆ ಬಿದ್ದವರು ವಾಪಸ್ ಬಂದಂತೆ ಅವರ ಜಾಗಕ್ಕೆ ಇಲ್ಲಿಂದ ಹೊಸಬರು ಹೋಗುತ್ತಿದ್ದರು. ಹಡಗಿನಲ್ಲಿ ಬಂದುಹೋಗಲು ವಾರಗಟ್ಟಲೆ ಬೇಕು, ಸುಮ್ನೆ ಊರು ನೋಡಿಕೊಂಡು ಹೋಗುವುದು ಸುಲಭವಿರಲಿಲ್ಲ.

‘ಹೈಫಾದಲ್ಲಿ ಕಾದಾಡಿದ್ರು’ ಅಂತ ಮನೆಯಲ್ಲಿ ಹೇಳುತ್ತಾರಾ? ಈಗಿನ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಈ ಪಡೆ ಕಾದಾಡಿದ್ದು 1918ರ ಸೆಪ್ಟೆಂಬರ್ 23ರಂದು. ತಡವಾಗಿ ಹೋದವರೂ ಅಲ್ಲಿರಬಹುದು, ಅಲ್ವಾ?

ಮೈಸೂರು ಲ್ಯಾನ್ಸರ್ಸ್ ಮೈಸೂರು ಮಹಾರಾಜರ ಪಡೆ. ಹಾಗಾಗಿ ಮೊದಲು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಡತಗಳನ್ನು ವಿಚಾರಿಸಿ. ಅಜ್ಜನ 1917ನ್ನೂ ಪೂರ್ತಿ ನಂಬಬೇಡಿ. ಆಗೆಲ್ಲ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ತಾರೀಖು.