ಗಿಡಕ್ಕೆ ನೀರು ಅವರೇ ಹಾಕಲಿ, ಬಿಡಿ

ಪ್ರಶ್ನೆ: ಅಪ್ಪನಿಗೆ 74 ವರ್ಷ. ಅಮ್ಮ ತೀರಿಕೊಂಡ ಮೇಲೆ ದಿನವಿಡೀ ಟೀವಿ ಮುಂದೆ ಕೂತಿರುತ್ತಾರೆ, ಮಾತೂ ಕಡಿಮೆಯಾಗಿದೆ. ಡಾಕ್ಟರ್ ಗಿಡ ಬೆಳೆಸೋಕೆ ಹಚ್ಚಿ ಅಂದರು. ಹತ್ತು ಕುಂಡ ತಂದಿಟ್ಟಿದ್ದೇವೆ. ಇದರಿಂದ ನಿಜವಾಗಿ ಆರೋಗ್ಯ ಸುಧಾರಿಸುತ್ತಾ, ಇಲ್ಲ ಸುಮ್ನೆ ಹೊತ್ತು ಕಳೆಯೋಕಾ?

ಉತ್ತರ: ಹೊತ್ತು ಹೋಗುವುದೂ ಈಗ ಅವರಿಗೆ ಬೇಕಾಗಿರುವುದೇ. ಆದರೆ ಲಾಭ ಅಷ್ಟಕ್ಕೇ ನಿಲ್ಲುವುದಿಲ್ಲ. ಗಿಡಕ್ಕೆ ನೀರು ಹಾಕಬೇಕೆಂದರೆ ಕುರ್ಚಿಯಿಂದ ಏಳಬೇಕು, ನಡೆಯಬೇಕು, ಕ್ಯಾನ್ ಎತ್ತಬೇಕು, ಕೈ ಚಾಚಬೇಕು, ಸಣ್ಣ ಬೀಜ ಹಿಡಿಯಲು ಬೆರಳುಗಳನ್ನು ಕೂಡಿಸಬೇಕು. ವ್ಯಾಯಾಮ ಮಾಡಿ ಅಂದರೆ ಮುಖ ತಿರುಗಿಸುವವರೂ ಇಷ್ಟನ್ನೂ ತಮಗೇ ಗೊತ್ತಿಲ್ಲದೆ ಮಾಡಿಬಿಡುತ್ತಾರೆ. 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಮೈಗೆ ಸ್ವಲ್ಪ ಶ್ರಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಗೆಯುವುದು, ಕಳೆ ಕೀಳುವುದು ಎಲ್ಲ ಆ ಲೆಕ್ಕಕ್ಕೆ ಬರುತ್ತದೆ.

ಮನಸ್ಸಿನ ಮೇಲೂ ಪರಿಣಾಮ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆಲವರಿಗೆ ಮೊದಲು ಒತ್ತಡ ತರುವ ಕೆಲಸ ಕೊಟ್ಟು, ಆಮೇಲೆ ಅರ್ಧ ಜನರನ್ನು 30 ನಿಮಿಷ ತೋಟದ ಕೆಲಸಕ್ಕೆ, ಉಳಿದವರನ್ನು ಒಳಗೆ ಕೂತು ಓದುವುದಕ್ಕೆ ಬಿಟ್ಟರು. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಬ್ಬರಲ್ಲೂ ಇಳಿಯಿತು, ತೋಟದಲ್ಲಿದ್ದವರಲ್ಲಿ ಜಾಸ್ತಿ ಇಳಿಯಿತು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಬೇರೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಒಂದು ವೃದ್ಧಾಶ್ರಮದ ಅಧ್ಯಯನ ಪ್ರಕಟಿಸಿದರು. ಎರಡು ಮಹಡಿಯವರಿಗೂ ಗಿಡ ಸಿಕ್ಕಿತ್ತು. ಒಂದು ಮಹಡಿಯವರಿಗೆ, ಗಿಡ ನೀವೇ ಆರಿಸಿಕೊಳ್ಳಿ, ನೀವೇ ನೋಡಿಕೊಳ್ಳಿ ಎಂದರು. ಇನ್ನೊಂದು ಮಹಡಿಯಲ್ಲಿ ನರ್ಸ್‌ಗಳೇ ನೀರು ಹಾಕುತ್ತಿದ್ದರು. ಮೂರು ವಾರದಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿ, ಖುಷಿಯಾಗಿ ಕಂಡರು. ಕೋಣೆ ಜೋಡಿಸುವುದು, ಸಿನಿಮಾ ಯಾವತ್ತು ನೋಡುವುದು ಅನ್ನೋದನ್ನೂ ಅವರಿಗೇ ಬಿಟ್ಟಿದ್ದರು, ಹಾಗಾಗಿ ಎಲ್ಲವನ್ನೂ ಗಿಡದ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೂ ಗಿಡ ಪಕ್ಕದಲ್ಲಿರುವುದು ಬೇರೆ, ಅದು ನನ್ನ ಜವಾಬ್ದಾರಿ ಅನ್ನಿಸುವುದು ಬೇರೆ, ಅಲ್ವಾ?

ಆದ್ದರಿಂದ ಹತ್ತು ಕುಂಡ ಬೇಡ. ಎರಡು ಸಾಕು. ಯಾವ ಗಿಡ, ಎಲ್ಲಿ ಇಡೋಣ ಅಂತ ಅಪ್ಪನನ್ನೇ ಕೇಳಿ. ಅವರು ಮರೆತರೆ ನೀವು ಕದ್ದು ನೀರು ಹಾಕಬೇಡಿ, ಎಲೆ ಬಾಡಿದೆ ನೋಡಿ ಅಂತ ಒಂದು ಮಾತು ಹೇಳಿ, ಅಷ್ಟೇ. ಹಾಗೇ ಊಟ, ನಿದ್ದೆ ಕೆಟ್ಟಿದ್ದರೆ ಅದನ್ನು ಡಾಕ್ಟರ್‌ಗೆ ಬಿಡಿಸಿ ಹೇಳಿ. ಖಿನ್ನತೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕೇ ಬೇಕು, ಗಿಡ ಅದರ ಜೊತೆಗಿರಲಿ.

ಪ್ರಶ್ನೆ: ನನಗೆ 68. ಮಂಡಿ ನೋವು, ಬೀಪಿ ಮಾತ್ರೆ ಬೇರೆ. ಬಗ್ಗಿ ಕಳೆ ಕಿತ್ತು ಎದ್ದರೆ ತಲೆ ಸುತ್ತುತ್ತದೆ. ತೋಟದ ಕೆಲಸ ಬಿಟ್ಟುಬಿಡಬೇಕಾ?

ಉತ್ತರ: ಬಿಡಬೇಡಿ, ಬಗ್ಗುವುದನ್ನು ಬಿಡಿ. ಮಣ್ಣನ್ನೇ ಮೇಲಕ್ಕೆ ತನ್ನಿ. ಸೊಂಟದ ಎತ್ತರದ ಗಟ್ಟಿ ಮೇಜಿನ ಮೇಲೆ ಕುಂಡ ಅಥವಾ ಮಣ್ಣಿನ ತೊಟ್ಟಿ ಇಡಿಸಿ. ಒಂದೇ ಕಡೆಯಿಂದ ಕೈ ಹಾಕುವುದಾದರೆ ಅಗಲ 60 ಸೆಂಟಿಮೀಟರ್ ಮೀರದಿರಲಿ, ಎರಡೂ ಕಡೆಯಿಂದ ಆದರೆ 120. ಕೂತು ಮಾಡಿದರೆ ಇನ್ನೂ ಒಳ್ಳೆಯದು.

ಎದ್ದಾಗ ತಲೆ ಸುತ್ತುವುದು ಬೀಪಿ ಥಟ್ಟನೆ ಇಳಿಯುವುದರಿಂದ ಇರಬಹುದು, ಕೆಲವು ಬೀಪಿ ಮಾತ್ರೆಗಳಿಂದ ಹೀಗಾಗುತ್ತದೆ. ಮಲಗಿದಾಗ ಮತ್ತು ನಿಂತಾಗ ಎರಡೂ ಸಲ ಬೀಪಿ ನೋಡಿ ಅಂತ ಡಾಕ್ಟರ್‌ಗೆ ಹೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ವಯಸ್ಸಾದಂತೆ ಬಾಯಾರಿಕೆಯೂ ಗೊತ್ತಾಗುವುದು ಕಡಿಮೆ, ಅದಕ್ಕೇ ನೀರಿನ ಬಾಟಲಿ ಪಕ್ಕದಲ್ಲೇ ಇರಲಿ.

ಬೆರಳಿನ ಗಂಟು ನೋಯುತ್ತಿದ್ದರೆ ಕುರ್ಪಿಯ ಹಿಡಿಗೆ ಬಟ್ಟೆಯೋ ಫೋಮೋ ಸುತ್ತಿ ದಪ್ಪ ಮಾಡಿಕೊಳ್ಳಿ, ಬಿಗಿ ಹಿಡಿಯುವ ಶ್ರಮ ಕಡಿಮೆಯಾಗುತ್ತದೆ. ಕಾಂಪೋಸ್ಟ್ ಚೀಲವನ್ನು ಮುಖದಿಂದ ದೂರ ಹಿಡಿದು ಬಿಚ್ಚಿ, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಅದರ ಧೂಳಿನಲ್ಲಿ ಕೆಲವೊಮ್ಮೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ವಯಸ್ಸಾದವರಿಗೆ ಅದರಿಂದ ನ್ಯುಮೋನಿಯಾ ಬರಬಹುದು. ಟೆಟನಸ್ ಇಂಜೆಕ್ಷನ್ ತೆಗೆದುಕೊಂಡು ಹತ್ತು ವರ್ಷ ದಾಟಿದ್ದರೆ ಡಾಕ್ಟರನ್ನು ಕೇಳಿ. ಮುಖ್ಯವಾಗಿ, ನೀರಿನ ಪೈಪನ್ನು ದಾರಿಯಲ್ಲಿ ಬಿಡಬೇಡಿ, ಕಾಲಿಗೆ ಸಿಕ್ಕಿ ಬೀಳುತ್ತೀರಿ.

ಪ್ರಶ್ನೆ: ಅತ್ತೆಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ. ಒಂದೇ ಕುಂಡಕ್ಕೆ ಮತ್ತೆ ಮತ್ತೆ ನೀರು ಹಾಕುತ್ತಾರೆ, ಗಿಡ ಕೊಳೆಯುತ್ತಿದೆ. ಕ್ಯಾನ್ ಎತ್ತಿಟ್ಟರೆ ಸಿಟ್ಟು ಮಾಡುತ್ತಾರೆ. ಏನು ಮಾಡಲಿ?

ಉತ್ತರ: ಕ್ಯಾನ್ ವಾಪಸ್ ಕೊಟ್ಟುಬಿಡಿ. ಆದರೆ ಒಂದೇ ಲೋಟ ನೀರು ಹಿಡಿಯುವಂಥ ಚಿಕ್ಕದು ಕೊಡಿ. ಕುಂಡದ ತಳದಲ್ಲಿ ತೂತು ಜಾಸ್ತಿ ಇರಲಿ, ಮಣ್ಣಿಗೆ ದಪ್ಪ ಮರಳು ಬೆರೆಸಿ, ಪುದೀನದಂಥ ತೇವ ತಾಳಿಕೊಳ್ಳುವ ಗಿಡ ಹಾಕಿ. ಅದರ ಎಲೆ ಉಜ್ಜಿ ಮೂಸುವುದೂ ಅವರಿಗೆ ಇಷ್ಟ ಆಗಬಹುದು. ಒಣಗಿದ ಎಲೆ ಆರಿಸುವುದು, ಖಾಲಿ ಕುಂಡ ತೊಳೆಯುವುದು ಇಂಥ ಕೆಲಸಗಳನ್ನೂ ಕೊಡಿ. ಎಷ್ಟು ಸಲ ಮಾಡಿದರೂ ಏನೂ ಕೆಡುವುದಿಲ್ಲ. ಆಗಲೇ ಹಾಕಿದ್ರಲ್ಲ ಅಂತ ತಿದ್ದಬೇಡಿ, ಅವರಿಗೆ ಅದು ಅವಮಾನವಾಗುತ್ತದೆ. ಕಣಗಿಲೆ, ದತ್ತೂರಿ, ಡೈಫೆನ್‌ಬಾಕಿಯಾದಂಥ ವಿಷದ ಗಿಡ ಇದ್ದರೆ ಇವತ್ತೇ ತೆಗೆಸಿ, ಡಿಮೆನ್ಶಿಯಾ ಇರುವವರು ಎಲೆಯನ್ನು ಬಾಯಿಗೆ ಹಾಕಿಕೊಳ್ಳುವುದುಂಟು. ಕೀಟನಾಶಕವನ್ನು ಬೀಗ ಹಾಕಿಡಿ.