ಸ್ಕ್ಯಾನ್ ನಾರ್ಮಲ್ ಅಂತೆ, ನೋವು ಮಾತ್ರ ತಿಂಗಳು ತಿಂಗಳೂ ತಪ್ಪಲ್ಲ

ಪ್ರಶ್ನೆ: ನನಗೆ 26 ವರ್ಷ, ಮದುವೆಯಾಗಿಲ್ಲ. ದಿನಾ ನಂಜನಗೂಡಿನಿಂದ ಮೈಸೂರಿಗೆ ಬಸ್ಸಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮೂರು ವರ್ಷದಿಂದ ಮುಟ್ಟಿಗೆ ಎರಡು ದಿನ ಮುಂಚೆ ಕಿಬ್ಬೊಟ್ಟೆ ಹಿಂಡಿದ ಹಾಗಾಗಿ, ನೋವು ಸೊಂಟ, ತೊಡೆವರೆಗೂ ಇಳಿಯುತ್ತದೆ. ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್‌ಗೆ ಕೂತರೆ ಒಳಗೆ ಚುಚ್ಚುತ್ತದೆ. ನಾಲ್ಕನೇ ದಿನಕ್ಕೆ ಎಲ್ಲಾ ಮಾಯ. ಎರಡು ಸಲ ಸ್ಕ್ಯಾನ್ ಮಾಡಿಸಿದೆ, ನಾರ್ಮಲ್. ಒಬ್ಬ ಡಾಕ್ಟರು ಗ್ಯಾಸ್ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು. ‘ಮದುವೆಯಾಗಿ ಒಂದು ಮಗು ಆದ್ರೆ ಸರಿಹೋಗುತ್ತೆ’ ಅಂತಾರೆ ಅಮ್ಮ. ನಾನೇ ಸುಮ್ನೆ ಜಾಸ್ತಿ ಮಾಡ್ಕೊತಿದ್ದೀನಾ ಅಂತ ಈಗ ಅನುಮಾನ ಶುರುವಾಗಿದೆ.
– ಹೆಸರು ಬೇಡ, ನಂಜನಗೂಡು

ಉತ್ತರ: ಇಲ್ಲಮ್ಮ, ಜಾಸ್ತಿ ಮಾಡ್ಕೊತಿಲ್ಲ. ಗ್ಯಾಸ್ ಆಗಿದ್ದರೆ ಅದಕ್ಕೆ ನಿಮ್ಮ ತಾರೀಖು ಹೇಗೆ ಗೊತ್ತಾಗುತ್ತೆ ಹೇಳಿ? ಮುಟ್ಟಿನ ಲೆಕ್ಕ ಹಿಡಿದುಕೊಂಡು ಬಂದು, ಲೆಕ್ಕ ಹಿಡಿದುಕೊಂಡೇ ಹೋಗುವ ನೋವಿಗೆ ಹಾರ್ಮೋನಿನ ನಂಟು ಇದ್ದೇ ಇರುತ್ತದೆ.

ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗಡೆ, ಅಂಡಾಶಯದ ಮೇಲೋ ಕರುಳಿನ ಪಕ್ಕವೋ ಬೆಳೆದಿರುತ್ತದೆ. ಪ್ರತಿ ತಿಂಗಳೂ ಅಲ್ಲಿ ಉರಿಯೂತ. ಮುಟ್ಟಿನ ಹೊತ್ತಿಗೇ ಮಲವಿಸರ್ಜನೆಯಲ್ಲಿ ಚುಚ್ಚುವುದು ಇದರ ದೊಡ್ಡ ಸುಳಿವು. ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ, ಅಪರೂಪದ್ದೇನಲ್ಲ. ಹಾಗಂತ ಪತ್ರ ಓದಿ ರೋಗ ಇದೇ ಅನ್ನಲಾಗದು. ಅಡಿನೋಮಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಗೋಡೆಯೊಳಗೇ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಸೋಂಕು, ನಮ್ಮ ದೇಶದಲ್ಲಿ ಜನನಾಂಗದ ಕ್ಷಯ ಕೂಡ, ಇವನ್ನೆಲ್ಲಾ ಡಾಕ್ಟರು ಯೋಚಿಸಬೇಕು.

ಮತ್ತೆ ಸ್ಕ್ಯಾನ್? ಮದುವೆಯಾಗದವರಿಗೆ ಸಾಮಾನ್ಯವಾಗಿ ನೀರು ಕುಡಿಸಿ ಹೊಟ್ಟೆ ಮೇಲಿನಿಂದ ನೋಡುತ್ತಾರೆ. ಅದರಲ್ಲಿ ಅಂಡಾಶಯದ ದೊಡ್ಡ ಗಂಟು ಕಾಣುತ್ತದೆ. ಹೊರಗೆ ಬೆಳೆದ ಆ ಅಂಗಾಂಶದ ರಾಗಿಕಾಳಿನಷ್ಟು ಕಲೆಗಳು ಕಾಣುವುದಿಲ್ಲ. ಕಲೆ ಚಿಕ್ಕದಿದ್ದರೆ ನೋವೂ ಚಿಕ್ಕದು ಅಂತೇನಿಲ್ಲ. ಹಾಗಾಗಿ ‘ನಾರ್ಮಲ್’ ಅಂದರೆ ‘ಈ ಸ್ಕ್ಯಾನಿನಲ್ಲಿ ಕಾಣಲಿಲ್ಲ’ ಅಂತ ಅರ್ಥ, ಅಷ್ಟೇ. ರೋಗ ಆಳಕ್ಕಿಳಿದಿರಬಹುದು ಅನ್ನುವ ಅನುಮಾನ ಇದ್ದರೆ ಎಂಆರ್‌ಐ ಮಾಡಿಸುತ್ತಾರೆ. ಸಿಎ-125 ರಕ್ತಪರೀಕ್ಷೆಯನ್ನು ನೀವೇ ಹೋಗಿ ಮಾಡಿಸಬೇಡಿ. ಅದು ಇದನ್ನು ಖಚಿತಪಡಿಸುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ, ಸುಮ್ನೆ ಭಯ.

ಸ್ಕ್ಯಾನಿಗಿಂತ ನಿಮ್ಮ ಅಡುಗೆಮನೆ ಕ್ಯಾಲೆಂಡರೇ ಈಗ ಹೆಚ್ಚು ಉಪಯೋಗ. ಹಾಲಿನ ಲೆಕ್ಕ ಬರೆಯುತ್ತೀರಲ್ವಾ, ಅದೇ ಚೌಕದಲ್ಲಿ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ ಹಾಕಿ. ಮುಟ್ಟಾದ ದಿನಕ್ಕೆ ಸುತ್ತು. ಮಾತ್ರೆ ತಗೊಂಡರೆ ‘ಮಾ’, ಟಾಯ್ಲೆಟ್‌ನಲ್ಲಿ ನೋವಾದರೆ ‘ಟಾ’, ಕೆಲಸಕ್ಕೆ ರಜೆ ಹಾಕಿದರೆ ‘ರ’. ಎರಡು ಮೂರು ತಿಂಗಳಾದ ಮೇಲೆ ಹಾಳೆಗಳ ಫೋಟೊ ತೆಗೆದುಕೊಂಡು ಹೋಗಿ. ಓಪಿಡಿಯಲ್ಲಿ ನಮಗೆ ಸಿಗುವುದು ಐದೇ ನಿಮಿಷ. ‘ತುಂಬಾ ನೋವು ಡಾಕ್ಟ್ರೇ’ ಅಂದಾಗ ಅರ್ಧ ಕಿವಿಗೆ ಬೀಳುತ್ತದೆ, ನಿಜ ಹೇಳಬೇಕಲ್ವಾ. ಎಂಟು, ಒಂಬತ್ತು, ‘ರ’, ‘ರ’ ಅಂತ ಮೂರು ತಿಂಗಳೂ ಒಂದೇ ಸಾಲು ಕಂಡರೆ ಯಾರೂ ಗ್ಯಾಸ್ ಅನ್ನಲಾರರು. ಮೈಸೂರಿನ ಚೆಲುವಾಂಬ ಆಸ್ಪತ್ರೆ ನಿಮಗೆ ಹತ್ತಿರ. ಸ್ತ್ರೀರೋಗ ತಜ್ಞರನ್ನೇ ನೋಡಿ, ‘ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ?’ ಅಂತ ನೇರವಾಗಿ ಕೇಳಿ.

ಚಿಕಿತ್ಸೆ ಶುರುಮಾಡಲು ಲ್ಯಾಪ್ರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವುದು) ಮಾಡಿಯೇ ತೀರಬೇಕು ಅಂತ ಈಗ ಇಲ್ಲ. 2022ರ ಯುರೋಪಿನ ತಜ್ಞರ ಮಾರ್ಗಸೂಚಿ ಕೂಡ ಲಕ್ಷಣ ನೋಡಿ ಮೊದಲು ಔಷಧಿ ಕೊಟ್ಟು ನೋಡಬಹುದು ಅನ್ನುತ್ತದೆ. ನೋವಿನ ಮಾತ್ರೆಯನ್ನು ನೋವು ನೆತ್ತಿಗೇರಿದ ಮೇಲೆ ನುಂಗಿದರೆ ಪ್ರಯೋಜನ ಕಮ್ಮಿ. ನೋವು ಹುಟ್ಟಿಸುವ ರಾಸಾಯನಿಕ ತಯಾರಾಗುವುದನ್ನೇ ಅದು ತಡೆಯುವುದು. ಅದಕ್ಕೇ ಮೊದಲ ಸುಳಿವಿಗೇ, ಊಟ ಮಾಡಿ, ಡಾಕ್ಟರು ಹೇಳಿದ ಅಳತೆಯಲ್ಲಿ ತಗೊಳ್ಳಿ. ಅಲ್ಸರ್, ಅಸ್ತಮಾ, ಕಿಡ್ನಿ ತೊಂದರೆ ಇದ್ದರೆ ಮುಂಚೆಯೇ ಹೇಳಿ. ಮುಟ್ಟಿನ ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಮಾತ್ರೆ ಬಗ್ಗೆ 2023ರಲ್ಲಿ, ಔಷಧಿಗಳ ಗುಣಮಟ್ಟ ನೋಡುವ ನಮ್ಮ ದೇಶದ ಫಾರ್ಮಕೋಪಿಯಾ ಆಯೋಗ ಎಚ್ಚರಿಕೆ ಕೊಟ್ಟಿತ್ತು. ತಗೊಂಡ ಮೇಲೆ ಮೈಯೆಲ್ಲಾ ದದ್ದು, ಜ್ವರ ಬಂದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಬಿಸಿನೀರಿನ ಬ್ಯಾಗ್ ಅಜ್ಜಿಮದ್ದು ಅಂತ ಬಿಡಬೇಡಿ, ಅದರಿಂದ ನಿಜಕ್ಕೂ ನೋವು ತಗ್ಗುತ್ತದೆ.

ಇನ್ನು ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ, ದಿನಕ್ಕೆ 2 ಮಿ.ಗ್ರಾಂ. ಹೆಸರು ಕೇಳಿದ ತಕ್ಷಣ ಅಮ್ಮಂದಿರು ಬೆಚ್ಚುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಟ್ಟು ಮುಂದೂಡಲು ಅದೇ ಗುಂಪಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತರಿಸಿಕೊಡುವವರೂ ಅವರೇ! ಮೊದಲ ತಿಂಗಳುಗಳಲ್ಲಿ ಆಗಾಗ ಸ್ವಲ್ಪ ರಕ್ತ ಕಾಣಿಸಬಹುದು, ಗಾಬರಿ ಬೇಡ. ಮನಸ್ಸು ತೀರಾ ಕುಗ್ಗಿದರೆ ಮಾತ್ರ ತಕ್ಷಣ ತಿಳಿಸಿ. ಮಗು ಬೇಕು ಅನ್ನಿಸಿದಾಗ ಡಾಕ್ಟರಿಗೆ ಹೇಳಿ ನಿಲ್ಲಿಸಬಹುದು. ಔಷಧಿಗೆ ಬಗ್ಗದಿದ್ದರೆ, ಅಥವಾ ಗಂಟು ದೊಡ್ಡದಿದ್ದರೆ, ಲ್ಯಾಪ್ರೊಸ್ಕೋಪಿಯಲ್ಲಿ ನೋಡಿ ಆಗಲೇ ತೆಗೆಯುತ್ತಾರೆ. ತೆಗೆದ ಮೇಲೂ ಕೆಲವರಿಗೆ ಮರಳಿ ಬರುತ್ತದೆ.

ಮದುವೆ ಔಷಧಿಯಲ್ಲ. ಬಸುರಿಯಾದಾಗ ಕೆಲವರಿಗೆ ನೋವು ತಗ್ಗುತ್ತದೆ, ರೋಗ ಹೋಗುವುದಿಲ್ಲ. ಇದು ಇದ್ದರೆ ಮಕ್ಕಳೇ ಆಗಲ್ಲ ಅನ್ನುವುದೂ ಸುಳ್ಳು. ಕೆಲವರಿಗೆ ಕಷ್ಟವಾಗುತ್ತದೆ, ಎಷ್ಟೋ ಜನರಿಗೆ ತಾನಾಗಿಯೇ ಆಗುತ್ತದೆ.

ಒಂದು ಎಚ್ಚರ. ನೋವು ಇದ್ದಕ್ಕಿದ್ದಂತೆ ಒಂದೇ ಕಡೆ ಸಿಡಿದು ವಾಂತಿಯಾದರೆ, ತಲೆ ತಿರುಗಿ ಬಿದ್ದರೆ, ಜ್ವರ ಬಂದರೆ ಕ್ಯಾಲೆಂಡರ್ ಬಿಟ್ಟು ತುರ್ತು ವಿಭಾಗಕ್ಕೆ ಓಡಿ.

ಕೆಲಸದ ವಿಷಯ: 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ 1 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿದೆ. ನಿಮ್ಮಲ್ಲಿ ಹೇಗಿದೆ ಅಂತ ಎಚ್‌ಆರ್ ಅವರನ್ನು ಕೇಳಿ.

ಆಸ್ಪತ್ರೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಇದು ಮನೆತನದಲ್ಲಿ ಹರಿದು ಬರುವುದುಂಟು, ಹಾಗಾಗಿ ಡಾಕ್ಟರು ಅದನ್ನೂ ಕೇಳುತ್ತಾರೆ. ಹೋಗುವಾಗ ಬಸ್ಸಲ್ಲೇ ಕೇಳಿ ನೋಡಿ, ‘ಅಮ್ಮ, ನಿನಗೂ ಚಿಕ್ಕಮ್ಮನಿಗೂ ಹೀಗೇ ಆಗ್ತಿತ್ತಾ?’ ಅಂತ.